ಹಸಿ ಬಣ್ಣ

"ಇನ್ನೂ ಹಸಿ ಇದೆ ಅಕ್ಕ, ಮುಟ್ಟಬೇಡ," ಎಂದು ಬೀದಿಯ ತಿರುವಿನಿಂದಲೇ ತಮ್ಮ ಕೂಗಿದ.

ಶಟರಿನ ಹಿಡಿಯತ್ತ ಬಗ್ಗಿದ್ದ ಅಕ್ಕ ಕೈ ಹಿಂದಕ್ಕೆ ತೆಗೆದುಕೊಂಡಳು. ಬೀಗ ಆಗಲೇ ಬಿಚ್ಚಿ ಸೆರಗಿನ ತುದಿಗೆ ಸೇರಿತ್ತು. ಶಟರಿನ ಉದ್ದಗಲಕ್ಕೂ ಹಿಂದಿನ ಸಂಜೆ ತಮ್ಮ ಬರೆದು ಮುಗಿಸಿದ ಹೂವಿನಂಗಡಿ ಹರಡಿಕೊಂಡಿತ್ತು: ಗಾಜಿನ ಕಿಟಕಿ, ಬಕೆಟ್ಟುಗಳ ತುಂಬ ಹಳದಿ ಹೂಗಳು, ಹಸಿರು ಏಪ್ರನ್ ತೊಟ್ಟ ಹುಡುಗಿ, ಅವಳ ಪಕ್ಕದಲ್ಲಿ ಅರ್ಧ ತೆರೆದ ಬಾಗಿಲು. ಆ ಬಾಗಿಲಿನ ಹಿಂದೆ, ತಗಡಿನ ಆಚೆಗೆ, ಅಕ್ಕನ ಮೋಟಾರು ವೈಂಡಿಂಗ್ ಅಂಗಡಿಯಿತ್ತು. ಸುಟ್ಟುಹೋದ ಪಂಪು, ಫ್ಯಾನುಗಳ ಹೊಟ್ಟೆಯಿಂದ ಕರಕಲು ತಂತಿಯನ್ನು ಕಿತ್ತು ಹೊಸ ತಾಮ್ರದ ತಂತಿ ಸುತ್ತುವುದು ಅವಳ ಕಸುಬು.

"ಯಾರೋ ಇವಳು? ಮುಖದ ತುಂಬ ಪೌಡರು ಮೆತ್ಕೊಂಡು ನನ್ನಂಗಡಿ ಕಾಯ್ತಿದಾಳೆ. ಕಾಯಿಲ್ ಸುತ್ತೋಕೆ ಬರುತ್ತಾ ಕೇಳು," ಎಂದಳು.

ತಮ್ಮ ನಗಲಿಲ್ಲ. ಅಂದು ಬಂಡವಾಳ ಹೂಡುವವರು ಬೀದಿ ನೋಡಲು ಬರುವವರಿದ್ದರು. ರಾಜ್ಯ ಸರ್ಕಾರವೂ ಕೆಲವು ಕಂಪನಿಗಳೂ ಕೈಜೋಡಿಸಿ ಊರಿನ ಹಳೆಯ ಪೇಟೆಗಳನ್ನು ಪುನಶ್ಚೇತನಗೊಳಿಸುವ ಯೋಜನೆಯೊಂದನ್ನು ಹಾಕಿಕೊಂಡಿದ್ದವು. ಮುಚ್ಚಿಹೋದ ಅಂಗಡಿಗಳ ತುಕ್ಕು ಹಿಡಿದ ಶಟರುಗಳು ಬಂದವರ ಕಣ್ಣಿಗೆ ಚುಚ್ಚಬಾರದೆಂದು ಅವುಗಳ ಮೇಲೆ ನಡೆಯುತ್ತಿರುವ ಅಂಗಡಿಗಳ ಚಿತ್ರ ಬರೆಯುವ ಕೆಲಸ ತಮ್ಮನಿಗೆ ಸಿಕ್ಕಿತ್ತು. ಫ್ಲೆಕ್ಸ್ ಯಂತ್ರ ಬಂದ ಮೇಲೆ ಬೋರ್ಡು ಬರೆಸುವವರೇ ಇಲ್ಲದೆ ಅವನ ಕುಂಚಗಳು ಡಬ್ಬಿಯಲ್ಲೇ ಗಟ್ಟಿಯಾಗಿದ್ದವು. ಈ ಬೀದಿ ಚೆನ್ನಾಗಿ ಬಂದರೆ ಉಳಿದ ಪೇಟೆಗಳೂ ಅವನಿಗೇ ಎಂದು ಯೋಜನೆಯ ಸಂಯೋಜಕ ಹೇಳಿದ್ದ. ಕೆಟ್ಟ ಸುದ್ದಿಯನ್ನೂ ನಗುತ್ತಲೇ ಹೇಳುತ್ತಿದ್ದ ಆ ಮನುಷ್ಯನಿಗೆ ಬೀದಿಯವರು ನಗುಮುಖ ಎಂದು ಹೆಸರಿಟ್ಟಿದ್ದರು.

ಅಕ್ಕನ ಶಟರನ್ನೂ ಕೇಳಿದವನು ಆ ನಗುಮುಖನೇ. ಅದು ಮುಚ್ಚಿದ ಅಂಗಡಿಯಲ್ಲವಲ್ಲ ಎಂದು ಅವಳು ತಕರಾರು ತೆಗೆದಿದ್ದಳು. ನಡೆಯುತ್ತಿರುವ ಅಂಗಡಿಗಳಿಗೆ ಹೊಸ ಕಟ್ಟಡದಲ್ಲಿ ಜಾಗ, ಖಾಲಿ ಬಿದ್ದವು ನೇರವಾಗಿ ಹೂಡಿಕೆದಾರರಿಗೆ ಎಂದು ಸಭೆಯಲ್ಲಿ ಸಾರಿದವನೂ ಅವನೇ. ಹಾಗಿರುವಾಗ ನೋಡಲು ಬರುವ ದಿನವೇ ಬಾಗಿಲು ಹಾಕಿಕೊಳ್ಳುವುದು ಹೇಗೆ? ಅವನು ಅವಳ ಸ್ಟೂಲಿನ ಮೇಲೆ ಕುಳಿತು, ಅವಳು ಕೊಟ್ಟ ಟೀ ಕುಡಿದು, ಸಮಾಧಾನ ಹೇಳಿದ್ದ. "ನೀವು ಕೆಲಸ ಮಾಡ್ತಿದೀರಿ ಅಂತ ನಾನೇ ಅವರಿಗೆ ಹೇಳ್ತೀನಮ್ಮ. ಬೀದಿಗೆ ಒಂದು ಮುಖ ಬೇಕು, ಅಷ್ಟೆ. ನಿಮ್ಮ ತಮ್ಮನ ಭವಿಷ್ಯವನ್ನೂ ನೋಡಿ."

ಕೊನೆಯ ಮಾತಿಗೆ ಅವಳು ಸೋತಿದ್ದಳು. ಅವಳದನ್ನೇ ಮೊದಲು ಬರೆದು ಒಣಗಲು ಬಿಟ್ಟರೆ ಆ ದಿನ ಅಂಗಡಿ ತೆರೆಯಬಹುದೆಂದು ತಮ್ಮ ಹೇಳಿದ್ದ. ಸುತ್ತಿಕೊಳ್ಳುವ ಶಟರು ಗೋಡೆಯಂತಲ್ಲ. ಎಣ್ಣೆಬಣ್ಣ ಹಸಿಯಿರುವಾಗ ಮೇಲೆತ್ತಿದರೆ ಒಂದು ಸುತ್ತಿನ ಬಣ್ಣ ಮುಂದಿನ ಸುತ್ತಿಗೆ ಅಂಟಿ ಚಿತ್ರವನ್ನು ಚಿತ್ರವೇ ತಿಂದುಹಾಕುತ್ತದೆ. ಆದರೆ ನಗುಮುಖ ಅದನ್ನು ಕೊನೆಗೆ ತಳ್ಳಿದ್ದ. ಕೈ ಪಳಗಲಿ, ಅಕ್ಕನ ಅಂಗಡಿಯದು ಎಲ್ಲಕ್ಕಿಂತ ಚೆನ್ನಾಗಿ ಬರಲಿ ಎಂದಿದ್ದ.

ಕಾರುಗಳು ಬಂದು ನಿಂತವು. ಬಂದವರು ಚಿತ್ರಗಳ ಮುಂದೆ ನಿಲ್ಲುತ್ತ, ಫೋಟೋ ತೆಗೆಯುತ್ತ, ನಿಧಾನವಾಗಿ ಹೂವಿನಂಗಡಿಯ ಎದುರಿಗೆ ಬಂದರು. ಅವರಲ್ಲಿ ಒಬ್ಬಾಕೆ ಇದರ ಹಿಂದೆ ಏನಿದೆ ಎಂದು ಕೇಳಿದಳು.

"ಏನೂ ಇಲ್ಲ ಮೇಡಂ," ಎಂದ ನಗುಮುಖ. "ಈ ಸಾಲಿನಲ್ಲಿ ಯಾವ ವ್ಯಾಪಾರವೂ ಉಳಿದಿಲ್ಲ. ಪೂರ್ತಿ ಖಾಲಿ. ತೆರವು ಮಾಡಿಸೋ ತಾಪತ್ರಯವೇ ನಿಮಗೆ ಬರಲ್ಲ."

ಅಕ್ಕ ಒಂದು ಹೆಜ್ಜೆ ಮುಂದಿಟ್ಟು, ಇದು ತನ್ನ ಅಂಗಡಿ ಎನ್ನಲು ಬಾಯಿ ತೆರೆದಳು. ಅವನು ಆತ್ಮೀಯನಂತೆ ಅವಳ ಭುಜದ ಬಳಿಗೆ ಬಂದು ನಿಂತ. "ಇವರು ಇಲ್ಲಿನ ನಿವಾಸಿ. ನಮ್ಮ ಯೋಜನೆ ಅಂದ್ರೆ ಬಹಳ ಉತ್ಸಾಹ ಇವರಿಗೆ." ಯಾರೋ ಅವಳ ಫೋಟೋವನ್ನೂ ತೆಗೆದರು. ಅವಳು ತಮ್ಮನತ್ತ ನೋಡಿ ಬಾಯಿ ಮುಚ್ಚಿಕೊಂಡಳು.

ತನ್ನ ಶಟರು ಕೊನೆಗೆ ಉಳಿದದ್ದೇಕೆಂದು ಅವಳಿಗೆ ಹೊಳೆದಿರಬೇಕು. ತಮ್ಮನಿಗೂ ಹೊಳೆಯಿತು. ಅಕ್ಕನ ಅಂಗಡಿಗೆ ಬೀಗ ಜಡಿಯಲು ನಗುಮುಖನಿಗೆ ಪೊಲೀಸರು ಬೇಕಾಗಿರಲಿಲ್ಲ. ಒಂದು ಡಬ್ಬಿ ಹಸಿ ಬಣ್ಣ ಸಾಕಾಗಿತ್ತು, ಮತ್ತು ಅದನ್ನು ಬಳಿದವನು ತಾನೇ. ಅವನು ಶಟರಿನ ಬಳಿಗೆ ನಡೆದ.

"ಅಕ್ಕ, ಎತ್ತು."

"ನಿನ್ನ ಚಿತ್ರ ಹಾಳಾಗುತ್ತೆ ಕಣೋ."

"ಬೀದಿಗೆ ಮುಖ ಬರೆಯೋಕೆ ಹೋಗಿ ನಿನ್ನ ಬಾಯಿ ಹೊಲಿದುಬಿಟ್ಟೆ. ಎತ್ತು ಅಂದೆನಲ್ಲ."

ಅವಳು ಇನ್ನೂ ಅನುಮಾನಿಸುತ್ತಿರುವಾಗಲೇ ಅವನು ಕುಕ್ಕರುಗಾಲಿನಲ್ಲಿ ಕೂತು ಹಿಡಿಗೆ ಕೈ ಹಾಕಿದ. ಬಣ್ಣ ಹಿಡಿಯನ್ನೂ ಚೌಕಟ್ಟನ್ನೂ ಕಚ್ಚಿಕೊಂಡಿತ್ತು, ತಗಡು ಅಲುಗಲಿಲ್ಲ. ಅಕ್ಕ ಬಂದು ಪಕ್ಕದಲ್ಲಿ ಬಗ್ಗಿ ಎರಡೂ ಅಂಗೈಗಳನ್ನು ಹೂಗಳ ಮೇಲೆಯೇ ಒತ್ತಿದಳು. ಹಸಿ ಚರ್ಮ ಸುಲಿದಂಥ ಸದ್ದಿನೊಂದಿಗೆ ಶಟರು ಎದ್ದಿತು. ಹುಡುಗಿಯ ಹಣೆ, ಕಣ್ಣು, ನಗು ಒಂದೊಂದಾಗಿ ಮೇಲಿನ ಸುರುಳಿಯೊಳಗೆ ಸೇರಿ ಅರೆದುಹೋದವು. ಬಕೆಟ್ಟುಗಳು ಹೋದವು. ಅರ್ಧ ತೆರೆದ ಬಾಗಿಲೂ ಹೋಯಿತು. ಸುಟ್ಟ ವಾರ್ನಿಶ್ಶಿನ ವಾಸನೆ ಬೀದಿಗೆ ಬಂತು. ಒಳಗೆ ಮೇಜಿನ ಮೇಲೆ ಹೊಟ್ಟೆ ಬಿಚ್ಚಿದ ಪಂಪೊಂದು ಮಲಗಿತ್ತು.

ಪ್ರಶ್ನೆ ಕೇಳಿದ್ದಾಕೆ ಒಳಗೆ ಇಣುಕಿದಳು. ನಗುಮುಖ, ಮುಂದಿನ ಬೀದಿ ಇನ್ನೂ ಚೆನ್ನಾಗಿದೆ ಎನ್ನುತ್ತ, ಎಲ್ಲರನ್ನೂ ಕಾರಿನತ್ತ ಸಾಗಹಾಕಿದ. ತಾನು ಮಾತ್ರ ಒಂದು ಗಳಿಗೆ ಹಿಂದುಳಿದ. ನಗು ಹಾಗೆಯೇ ಇತ್ತು.

"ನಿನ್ನ ಕೆಲಸ ಇವತ್ತಿಗೆ ಮುಗೀತು ಅಂದ್ಕೊ. ಇವಳ ಅಂಗಡೀನೂ ನೋಡ್ಕೋತೀನಿ."

"ಯಾವ ಅಂಗಡಿ ಸ್ವಾಮಿ?" ಎಂದ ತಮ್ಮ. "ಇಲ್ಲಿ ಏನೂ ಇಲ್ಲ ಅಂದ್ರಲ್ಲ. ಇಲ್ಲದ್ದನ್ನ ಹೇಗೆ ನೋಡ್ಕೋತೀರಿ?"

ಕಾರುಗಳು ಹೊರಟುಹೋದವು. ತಮ್ಮ ಹೊಸ್ತಿಲಲ್ಲಿ ಕೂತು ಬೆರಳುಗಳ ಸಂದಿನ ಹಸಿರನ್ನು ನೋಡಿಕೊಂಡ. ಅವನ ತಲೆಯ ಮೇಲೆ ಸುರುಳಿ ಸುತ್ತಿದ ಶಟರಿನಿಂದ ಬಣ್ಣ ನಿಧಾನವಾಗಿ ತೊಟ್ಟಿಕ್ಕುತ್ತಿತ್ತು. ಸೀಮೆಎಣ್ಣೆಯ ಬಟ್ಟೆ ಮೊಳೆಯಲ್ಲಿದೆ, ಕೈ ಒರೆಸಿಕೊ ಎಂದಳು ಅಕ್ಕ, ತಾನು ಒರೆಸಿಕೊಳ್ಳಲಿಲ್ಲ. ದೀಪ ಹಾಕಿ, ಸ್ಟೂಲಿನ ಮೇಲೆ ಕೂತು, ತಂತಿಯ ತುದಿ ಹುಡುಕಿ ಸುತ್ತತೊಡಗಿದಳು. ತಾಮ್ರ ಅವಳ ಬೆರಳುಗಳ ನಡುವೆ ಸರಿದುಹೋಗುವಾಗ ಹೂಗಳ ಹಳದಿಯನ್ನು ಅಂಟಿಸಿಕೊಂಡು, ಸುತ್ತಿನ ಮೇಲೆ ಸುತ್ತಾಗಿ, ಪಂಪಿನೊಳಗೆ ಹೋಗುತ್ತಿತ್ತು.