ಮೂರನೆಯ ಎಳೆ

ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಅವನು ಏನೋ ಹೇಳಿದ. ಅಂಗಡಿಯವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ಆ ಭಾಷೆಯೂ ಬರುತ್ತಿತ್ತು.

"ದಪ್ಪ ಆಯ್ತಂತೆ," ಎಂದಳು. "ದವಡೆ ನೋಯುತ್ತಂತೆ."

"ಯಜಮಾನ್ರೇ, ಟಾರ್ಚನ್ನ ಜನ ಕೈಯಲ್ಲಿ ಹಿಡ್ಕೋತಾರೆ," ಎಂದ ಅಂಗಡಿಯವನು, ಆದಷ್ಟು ವಿನಯದಿಂದ.

ಅವನು ಟಾರ್ಚನ್ನು ಬಾಯಿಂದ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿ ಗಾಜಿನ ಕೌಂಟರಿನ ಮೇಲಿಟ್ಟ. "ಎರಡೂ ಕೈ ಕೆಲಸದಲ್ಲಿದ್ರೆ? ಆರನೇ ಮಹಡಿ ಎತ್ತರದಲ್ಲಿ ಲಿಫ್ಟಿನ ನೆತ್ತಿ ಮೇಲೆ ನಿಂತಿರ್ತೀನಿ. ಒಂದು ಕೈಯಲ್ಲಿ ಸ್ಪ್ಯಾನರು, ಇನ್ನೊಂದು ಕೈಯಲ್ಲಿ ಪ್ರಾಣ. ಟಾರ್ಚ್ ಎಲ್ಲಿಟ್ಕೊಳ್ಲಿ? ನಿಮ್ಮ ಜೇಬಲ್ಲಾ?"

ಗಾಜಿನ ಮೇಲೆ ಆಗಲೇ ಏಳು ಟಾರ್ಚುಗಳು ಮಲಗಿದ್ದವು. ಏಳಕ್ಕೂ ಹಲ್ಲಿನ ಪರೀಕ್ಷೆ ಆಗಿತ್ತು. ಅಂಗಡಿಯವನ ತಾಳ್ಮೆಗೆ ಕೈ ಮುಗಿಯಬೇಕು. ಒಂದೊಂದನ್ನೂ ಬಟ್ಟೆಯಲ್ಲಿ ಒರೆಸಿ ಅಲ್ಲೇ ಸಾಲಾಗಿ ಇಡುತ್ತಿದ್ದ, ಮುಖದಲ್ಲಿ ಮಾತ್ರ ಏನೂ ತೋರಿಸಿಕೊಳ್ಳುತ್ತಿರಲಿಲ್ಲ. ಎಂಟನೆಯದನ್ನು ತೆಗೆಯುವಾಗ ದನಿ ಏರಿಸಿದ. "ಇದು ನೋಡಿ. ನೀರಿಗೆ ಬಿದ್ರೂ ಏನಾಗಲ್ಲ. ಲಾರಿ ಹತ್ತಿದ್ರೂ ಏನಾಗಲ್ಲ."

"ಲಾರಿ ಹತ್ತೋ ಜಾಗದಲ್ಲಿ ನಾನ್ಯಾಕೆ ಹೋಗಿ ಮಲಗ್ಲಿ? ಸ್ವಿಚ್ ಎಲ್ಲಿದೆ ಇದಕ್ಕೆ?"

"ಒಂದ್ಸಲ ಒತ್ತಿದ್ರೆ ಜೋರು, ಎರಡ್ಸಲ ಒತ್ತಿದ್ರೆ ಮಂದ, ಮೂರ್ಸಲ ಒತ್ತಿದ್ರೆ ಮಿಣಿಮಿಣಿ."

"ಮಿಣಿಮಿಣಿ ಯಾಕಪ್ಪಾ? ನಾನೇನು ಆಂಬುಲೆನ್ಸಾ?"

ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಬೇರೆ ದಿನವಾಗಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇವತ್ತು ಆ ನಗು ಗಂಟಲಿನಿಂದ ಕೆಳಗೆ ಇಳಿಯಲೇ ಇಲ್ಲ.

ಬೀದಿಯವರ ಬಾಯಲ್ಲಿ ಅವನು ಲಿಫ್ಟಣ್ಣ, ಅವಳು ಟೈಲರಮ್ಮ. ಅವನು ಮೂವತ್ತನಾಲ್ಕು ವರ್ಷದಿಂದ ಕಟ್ಟಡಗಳ ಲಿಫ್ಟು ನೋಡಿಕೊಳ್ಳುವವನು. ಅವಳು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡವಳು. ಇಬ್ಬರದೂ ಎಳೆಯ ಕೆಲಸವೇ. ಅವಳದು ನೂಲು, ಅವನದು ಉಕ್ಕು. ಲಿಫ್ಟನ್ನು ಎಳೆಯುವ ರೋಪು ಎಂದರೆ ಕೂದಲಷ್ಟು ತೆಳ್ಳಗಿನ ನೂರಾರು ಉಕ್ಕಿನ ಎಳೆಗಳನ್ನು ಹುರಿ ಮಾಡಿ ಹೆಣೆದದ್ದು. ವರ್ಷಕ್ಕೊಮ್ಮೆ ಆ ರೋಪನ್ನು ಗೇಣುಗೇಣಾಗಿ ಟಾರ್ಚ್ ಹಿಡಿದು ನೋಡಬೇಕು, ತುಂಡಾದ ಎಳೆ ಎಷ್ಟು ಎಂದು ಎಣಿಸಬೇಕು, ಎಣಿಸಿದ್ದನ್ನು ಬರೆದು ಸಹಿ ಹಾಕಬೇಕು. ಲೆಕ್ಕ ಮೀರಿದರೆ ರೋಪು ಬದಲು. ಅವನ ಸಹಿ ಇದ್ದ ಲಿಫ್ಟನ್ನು ಜನ ಕಣ್ಣುಮುಚ್ಚಿ ಹತ್ತುತ್ತಿದ್ದರು.

ಈಗ ಎರಡು ತಿಂಗಳಿಂದ ಅವನು ಸಹಿ ಹಾಕುತ್ತಿರಲಿಲ್ಲ. ನಾಲ್ಕು ಕಟ್ಟಡಗಳ ಹಾಳೆಯಲ್ಲಿ ಒಂದೇ ಸಾಲು ಬರೆದಿದ್ದ: 'ಬೆಳಕು ಸಾಲದು, ಮತ್ತೆ ನೋಡಬೇಕು.' ಆಫೀಸಿನವರು ಮೊದಲು ನಕ್ಕರು, ಆಮೇಲೆ ರೇಗಿದರು. ಸೋಮವಾರ ಆಸ್ಪತ್ರೆಯ ಲಿಫ್ಟಿನ ಸರದಿ. ಅಷ್ಟರೊಳಗೆ ಒಳ್ಳೆ ಟಾರ್ಚ್ ತಗೊಳ್ಳದಿದ್ದರೆ ಬೇರೆಯವರನ್ನು ಹುಡುಕಬೇಕಾಗುತ್ತದೆ ಎಂದು ಮ್ಯಾನೇಜರು ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಿದ್ದ. ಅವತ್ತಿನಿಂದ ಲಿಫ್ಟಣ್ಣನಿಗೆ ಊಟ ನಿದ್ದೆ ಯಾವುದೂ ಇಲ್ಲ, ಬರೀ ಟಾರ್ಚಿನದೇ ಧ್ಯಾನ. ಮನೆಯಲ್ಲಿ ಹೊಸ ಟಾರ್ಚುಗಳೇ ಮೂರು ಬಿದ್ದಿದ್ದವು, ಮೂರೂ ಅವನ ಪ್ರಕಾರ ಕೆಲಸಕ್ಕೆ ಬಾರದವು.

ತೊಂದರೆ ಟಾರ್ಚಿನದಲ್ಲ ಎಂದು ಟೈಲರಮ್ಮನಿಗೆ ಗೊತ್ತಿತ್ತು. ಎಂಟು ತಿಂಗಳಿಂದ ಗೊತ್ತಿತ್ತು.

ಮೊದಲ ಸಲ ಅವನು ಲೋಟದ ಪಕ್ಕದಲ್ಲಿ ನೀರು ಸುರಿದಾಗ ಅವಳು ಏನೂ ಅನ್ನಲಿಲ್ಲ. ಬಾಗಿಲ ಹಿಂದೆ ನೇತುಹಾಕಿದ ಕೋಟಿಗೆ "ಯಾವಾಗ ಬಂದ್ರಿ?" ಎಂದು ಕೇಳಿದಾಗ ಮಾತ್ರ ಅವಳ ಎದೆ ಧಸಕ್ಕೆಂದಿತು. "ಒಂದ್ಸಲ ಕಣ್ಣು ತೋರಿಸ್ಕೊಂಡು ಬರೋಣ್ವಾ ರೀ?" ಎಂದಿದ್ದಳು, ಬಟನ್ ಹೊಲಿಯುತ್ತಾ, ಏನೂ ದೊಡ್ಡ ವಿಷಯವಲ್ಲ ಅನ್ನುವಂತೆ. ಅಷ್ಟಕ್ಕೇ ಮನುಷ್ಯ ಮುಖ ಗಂಟು ಹಾಕಿಕೊಂಡ. "ನನ್ನ ಕಣ್ಣಿಗೇನಾಗಿದೆ? ಹದ್ದಿನ ಕಣ್ಣು ನಂದು!" ಆಮೇಲೆ ಎರಡು ದಿನ ಅವಳ ಜೊತೆ ಮಾತಿಲ್ಲ. ಉಪ್ಪು ಬೇಕಾದರೆ ಗೋಡೆಗೆ ಹೇಳುತ್ತಿದ್ದ.

ಅವಳು ಆಗ ಮಾಡಿದ ಕೆಲಸವೇ ಎಡವಟ್ಟಾಯಿತು. ಗಂಡನಿಗೆ ಮನೆಯಲ್ಲಾದರೂ ತಡವರಿಸುವ ಹಾಗೆ ಆಗಬಾರದು ಎಂದು ಒಂದೊಂದೇ ಬಲ್ಬು ಬದಲಾಯಿಸಿದಳು. ಊಟದ ಕೋಣೆಗೆ ದೊಡ್ಡ ಬಲ್ಬು. ಅವನು ಪೇಪರ್ ಓದುವ ಕುರ್ಚಿಯ ಮೇಲೆ ಇನ್ನೂ ದೊಡ್ಡದು. ಕೇಳಿದರೆ, "ಹೊಲಿಗೆಗೆ ಬೆಳಕು ಸಾಲ್ತಿಲ್ಲ ರೀ" ಅನ್ನುವುದು. ಬಚ್ಚಲಿಗೂ ದೊಡ್ಡ ಬಲ್ಬು ಬಂದಾಗ ಅವನು, "ಇಲ್ಲೂ ಹೊಲೀತೀಯೇನೇ?" ಎಂದು ಕೇಳಿ ತಾನೇ ನಕ್ಕಿದ್ದ. ಹೀಗೆ ಮನೆಯಲ್ಲಿ ಅವನಿಗೆ ಎಲ್ಲವೂ ಚೆನ್ನಾಗಿಯೇ ಕಾಣುತ್ತಿತ್ತು. ಕಾಣದಿರುವುದು ಲಿಫ್ಟಿನ ಕತ್ತಲಲ್ಲಿ ಮಾತ್ರ. ಮನೆಯಲ್ಲಿ ಕಾಣುವ ಕಣ್ಣು ಅಲ್ಲಿ ಕಾಣುವುದಿಲ್ಲ ಎಂದರೆ ತಪ್ಪು ಟಾರ್ಚಿನದು ತಾನೇ? ಅವನ ವಾದದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ.

"ಇದೇನೋ ಪರವಾಗಿಲ್ಲ," ಎಂದ ಲಿಫ್ಟಣ್ಣ ಒಂಬತ್ತನೆಯದನ್ನು ಕಚ್ಚಿ ನೋಡಿ. ತೆಳ್ಳಗಿತ್ತು, ಜೇಬಿಗೆ ಸಿಕ್ಕಿಸುವ ಕ್ಲಿಪ್ಪಿತ್ತು, ಹಿಂದೆ ಒಂದೇ ಗುಂಡಿ. ಇಳಿಜಾರಿನಲ್ಲಿಟ್ಟರೂ ಉರುಳದಂತೆ ಒಂದು ಪಕ್ಕ ಚಪ್ಪಟೆಯಿತ್ತು. ಸಾಮಾನ್ಯ ಸೆಲ್ಲೇ ಸಾಕು, ಚಾರ್ಜು ಗೀರ್ಜು ಅಂತ ಪ್ಲಗ್ಗು ಹುಡುಕುವ ಗೋಳಿಲ್ಲ. "ಕತ್ತಲೆ ಜಾಗ ಇದ್ಯಾ? ರೋಪಲ್ಲಿ ನೋಡ್ಬೇಕು."

ಅಂಗಡಿಯವನು ಹಿಂದಿನ ಸಾಮಾನಿನ ಕೋಣೆಯ ಬಾಗಿಲು ತೆಗೆದ. ಕಿಟಕಿಯಿಲ್ಲದ ಕೋಣೆ, ರಟ್ಟಿನ ಪೆಟ್ಟಿಗೆಗಳ ವಾಸನೆ. ಮೂವರೂ ಒಳಹೊಕ್ಕು ಬಾಗಿಲು ಮುಚ್ಚಿದರು. ಲಿಫ್ಟಣ್ಣ ಜೇಬಿನಿಂದ ಬಟ್ಟೆಯಲ್ಲಿ ಸುತ್ತಿದ ಗೇಣುದ್ದದ ರೋಪಿನ ತುಂಡನ್ನು ತೆಗೆದ. ಅವನು ಮೊದಲ ಸಲ ಬದಲಾಯಿಸಿದ ರೋಪಿನ ತುಂಡು ಅದು. ಅವನಿಗೆ ಕೆಲಸ ಕಲಿಸಿದ ಮೇಸ್ತ್ರಿ ಕತ್ತರಿಸಿ ಕೈಗಿಟ್ಟಿದ್ದ. ಅದರಲ್ಲಿ ಮೂರು ಎಳೆ ತುಂಡಾಗಿದ್ದವು. ಎರಡು ಮೇಲೆಯೇ ಎದ್ದು ಕಾಣುವಂಥವು, ಮೂರನೆಯದು ಹುರಿಯ ಸಂದಿನಲ್ಲಿ ಅವಿತದ್ದು. ಮೂರೂ ಕಂಡರೆ ಟಾರ್ಚ್ ಪಾಸು. ಮೂವತ್ತನಾಲ್ಕು ವರ್ಷ ಅವನು ಟಾರ್ಚ್ ಆರಿಸಿದ್ದು ಹೀಗೆಯೇ.

ಅವನು ಟಾರ್ಚನ್ನು ಕಚ್ಚಿ, ರೋಪನ್ನು ಓರೆಯಾಗಿ ಹಿಡಿದು, ನಿಧಾನವಾಗಿ ತಿರುಗಿಸಿದ. ಟಾರ್ಚ್ ತೆಗೆದು, "ಎರಡು," ಎಂದ.

ಅಂಗಡಿಯವನು ಇನ್ನೊಂದು ಕೊಟ್ಟ. "ಎರಡು." ಎಲ್ಲಕ್ಕಿಂತ ಜೋರಾದದ್ದನ್ನು ಕೊಟ್ಟ, ಕೋಣೆಯೆಲ್ಲ ಹಗಲಾಯಿತು. "ಇದು ವಿಪರೀತ. ಮಂಜು ಕವಿದಂಗಾಗುತ್ತೆ. ಇದ್ರಲ್ಲಿ ಒಂದೇ."

"ಎಷ್ಟಿದೆ ಅಂತ ನಿಮಗೆ ಗೊತ್ತಲ್ಲ ಯಜಮಾನ್ರೇ?" ಅಂಗಡಿಯವನಿಗೆ ತಲೆಬುಡ ತಿಳಿಯಲಿಲ್ಲ.

"ಗೊತ್ತಿರೋದು ಬೇರೆ, ಕಾಣೋದು ಬೇರೆ. ನಮ್ಮ ಮೇಸ್ತ್ರಿ ಹೇಳ್ತಿದ್ರು, ಕಂಡಷ್ಟೇ ಬರಿ, ಗೊತ್ತಿರೋದನ್ನ ಬರೀಬೇಡ ಅಂತ."

ಟೈಲರಮ್ಮನಿಗೆ ಆ ಕತ್ತಲಲ್ಲಿ ಕಣ್ಣು ತುಂಬಿ ಬಂತು. ಮೂರಿದೆ ಎಂದು ಗೊತ್ತಿದ್ದವನು ಮೂರು ಎಂದುಬಿಟ್ಟರೆ ಯಾರು ಕೇಳುತ್ತಿದ್ದರು? ಟಾರ್ಚು ಜೇಬಿಗೆ, ಸೋಮವಾರ ಸಹಿ ಹಾಳೆಗೆ, ಮ್ಯಾನೇಜರನ ಬಾಯಿ ಬಂದ್. ಈ ಮನುಷ್ಯನಿಗೆ ಅದು ಬರುವುದಿಲ್ಲ. ತಾನಾದರೋ ಎಂಟು ತಿಂಗಳು ಗೊತ್ತಿದ್ದೂ ಇವನ ಕಣ್ಣಿಗೆ ಬಲ್ಬಿನ ಮಣ್ಣೆರಚಿದ್ದೆನಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು.

ಹೊರಗೆ ಯಾರೋ ಗಿರಾಕಿ ಕೂಗಿದರು. "ನೋಡ್ತಿರಿ, ಬಂದೆ," ಎಂದು ಅಂಗಡಿಯವನು ಹೊರಟುಹೋದ. ಬಾಗಿಲು ಮತ್ತೆ ಮುಚ್ಚಿಕೊಂಡಿತು.

"ಇವನ ಹತ್ರಾನೂ ಇಲ್ಲ ಕಣೇ," ಎಂದ ಲಿಫ್ಟಣ್ಣ. ದನಿ ಸೋತಿತ್ತು. "ಈಗಿನ ಮಾಲೇ ಹೀಗೇನೋ." ಆಮೇಲೆ ಮದುವೆಯಾದಾಗಿನಿಂದ ಒಮ್ಮೆಯೂ ಮಾಡದ ಕೆಲಸ ಮಾಡಿದ: ರೋಪನ್ನೂ ಆ ಒಂಬತ್ತನೆಯ ಟಾರ್ಚನ್ನೂ ಅವಳ ಕೈಗಿಟ್ಟ. "ನೀನೊಂದ್ಸಲ ನೋಡು. ಎಷ್ಟು ಕಾಣುತ್ತೆ?"

ಎರಡು ಎಂದುಬಿಡಲೇ ಅನ್ನಿಸಿತು ಅವಳಿಗೆ. ಎರಡು ಎಂದರೆ ಇವತ್ತಿಗೆ ಮನೆಗೆ ಹೋಗಿ ನೆಮ್ಮದಿಯಾಗಿ ಕಾಫಿ ಕುಡಿಯಬಹುದು. ನಾಳೆ ಇನ್ನೊಂದು ಅಂಗಡಿ. ಅವಳು ಟಾರ್ಚ್ ಹಾಕಿ ರೋಪನ್ನು ಅವನಂತೆಯೇ ಓರೆಯಾಗಿ ಹಿಡಿದಳು. ಎರಡು ಎಳೆ ಮೇಲೆ. ಇನ್ನಷ್ಟು ತಿರುಗಿಸಿದಾಗ ಸಂದಿನಲ್ಲಿ ಮೂರನೆಯದು, ಸೂಜಿಯ ಮೊನೆಯಷ್ಟು, ಚಕ್ಕನೆ ಮಿನುಗಿತು.

"ಮೂರು," ಎಂದಳು.

ಅವಳ ಕೈಯಲ್ಲಿದ್ದ ರೋಪಿನ ಮೇಲೆ ಅವನು ಬೆರಳಾಡಿಸಿದ.

"ಅಲ್ಲಿಟ್ಟಿರೋ ಎಂಟರಲ್ಲೂ ಮೂರೇ ಕಾಣ್ಬಹುದು ರೀ. ಮನೇಲಿರೋ ಮೂರರಲ್ಲೂ ಅಷ್ಟೇ. ನೀವು ಕೆಲಸಕ್ಕೆ ಹೋದಾಗ ಇದೇ ರೋಪು ಹಿಡಿದು ಪರೀಕ್ಷೆ ಮಾಡಿ ನೋಡಿದ್ದೆ." ಒಮ್ಮೆ ಬಾಯಿ ಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ. "ಬಲ್ಬು ಬದಲಾಯಿಸಿದ್ದು ಹೊಲಿಗೆಗಲ್ಲ. ನಿಮಗೋಸ್ಕರ. ನಿಮಗೆ ಬೇಜಾರಾಗ್ಬಾರ್ದು ಅಂತ. ನನ್ನಿಂದ್ಲೇ ಹೀಗಾಯ್ತು."

ಅವನು ತಡವಿಕೊಂಡು ಒಂದು ಪೆಟ್ಟಿಗೆಯ ಮೇಲೆ ಕೂತ. ಬೈಯುತ್ತಾನೆ ಎಂದುಕೊಂಡಳು, ಗೋಡೆಯ ಜೊತೆ ಮಾತಾಡುವ ದಿನಗಳಿಗೆ ಮನಸ್ಸನ್ನು ಗಟ್ಟಿ ಮಾಡಿಕೊಂಡಳು.

"ಬಚ್ಚಲಿಂದೂನಾ?" ಎಂದ ಅವನು ಕೊನೆಗೆ.

"ಹೂಂ. ಅದೂ."

"ನಾನು ಸೋಮವಾರ ಆಸ್ಪತ್ರೆ ಲಿಫ್ಟಿಗೆ ಹೋಗ್ತಿದ್ದೆ ಕಣೇ. ಸ್ಟ್ರೆಚರ್ ಹೋಗೋ ಲಿಫ್ಟು ಅದು."

"ಗೊತ್ತು. ಅದಕ್ಕೇ ಇವತ್ತು ಹೊಲಿಗೆ ಬಿಟ್ಟು ಜೊತೇಲಿ ಬಂದೆ."

ಅವನು ಅವಳ ಕೈ ಹುಡುಕಿದ. ಮೊದಲು ಸಿಕ್ಕಿದ್ದು ಟಾರ್ಚು, ಆಮೇಲೆ ಕೈ. "ಲಿಫ್ಟ್ ಬಿಟ್ರೆ ನಂಗೇನು ಬರುತ್ತೆ, ಹೇಳು," ಎಂದ. "ಮೊದ್ಲು ಡಾಕ್ಟ್ರ ಹತ್ರ ಹೋಗೋಣ. ಆಮೇಲೆ ನೋಡೋಣ ರೀ," ಎಂದಳು. ಅವನು ಅಲ್ಲಿಯೇ ಕೂತು ಮ್ಯಾನೇಜರನಿಗೆ ಫೋನು ಮಾಡಿದ. ಸುತ್ತಿ ಬಳಸಿ ಹೇಳುವ ಜಾಯಮಾನ ಅವನದಲ್ಲ. "ಸಾರ್, ಟಾರ್ಚ್ ಸರಿಯಾಗಿದೆ. ನನ್ನ ಕಣ್ಣು ಸರಿಯಿಲ್ಲ. ಸೋಮವಾರಕ್ಕೆ ಬೇರೆಯವರನ್ನ ಕಳ್ಸಿ. ಆ ನಾಲ್ಕು ಕಟ್ಟಡಾನೂ ಅವರೇ ನೋಡ್ಲಿ." ಆ ಕಡೆಯವನು ಏನೆಂದನೋ, ಅವನು "ಹೂಂ, ಹೂಂ" ಎಂದಷ್ಟೇ ಅಂದು ಫೋನು ಜೇಬಿಗಿಟ್ಟ.

ಹೊರಗೆ ಬಂದಾಗ ಅಂಗಡಿಯವನು ಇನ್ನೂ ನಾಲ್ಕು ಡಬ್ಬಿ ಇಳಿಸಿ ಕಾಯುತ್ತಿದ್ದ.

"ಬೇಡಪ್ಪಾ, ಇದನ್ನೇ ಕೊಡಿ. ಒಳ್ಳೆ ಟಾರ್ಚು," ಎಂದ ಲಿಫ್ಟಣ್ಣ ಒಂಬತ್ತನೆಯದನ್ನು ಅಂಗಿಯ ಜೇಬಿಗೆ ಸಿಕ್ಕಿಸಿಕೊಂಡು.

"ಮೂರು ಕಾಣಿಸ್ತಾ?" ಅಂಗಡಿಯವನ ಮುಖ ಅರಳಿತು.

"ಇವಳಿಗೆ ಕಾಣಿಸ್ತು."

ಮಾರನೆಯ ದಿನ ಬೆಳಿಗ್ಗೆ ಕಣ್ಣಿನ ಡಾಕ್ಟರಮ್ಮನ ಕೋಣೆಯಲ್ಲಿ ಅವನು ಶಾಲೆಯ ಮಗುವಿನಂತೆ ಬೆನ್ನು ನೇರ ಮಾಡಿ ಕೂತಿದ್ದ. ಡಾಕ್ಟರಮ್ಮ ಬೆರಳುದ್ದದ ಟಾರ್ಚೊಂದನ್ನು ತೆಗೆದು ಅವನ ಕಣ್ಣಿಗೆ ಹಿಡಿದರು. ಅವನು ರೆಪ್ಪೆ ಮಿಟುಕಿಸದೆ, "ಒಳ್ಳೆ ಟಾರ್ಚು, ಮೇಡಂ. ಸೆಲ್ಲಿಂದೋ, ಚಾರ್ಜಿಂದೋ?" ಎಂದು ಕೇಳಿದ.

"ಸುಮ್ನಿರ್ರೀ," ಎಂದಳು ಗೋಡೆಯ ಪಕ್ಕ ಕೂತಿದ್ದ ಟೈಲರಮ್ಮ. ಅವಳ ಮಡಿಲಲ್ಲಿ ಅವನ ಟಾರ್ಚೂ ಬಟ್ಟೆಯಲ್ಲಿ ಸುತ್ತಿದ ರೋಪೂ ಇದ್ದವು.

"ಸೆಲ್ಲಿಂದು," ಎಂದರು ಡಾಕ್ಟರಮ್ಮ. "ಪೊರೆ ಬಂದಿದೆ. ಎರಡರಲ್ಲೂ ಇದೆ, ಬಲಗಣ್ಣಲ್ಲಿ ಜಾಸ್ತಿ. ತೆಗೀಬಹುದು, ಹೆದರ್ಬೇಡಿ. ಆದ್ರೆ ಪೊರೆಯ ಹಿಂದೆ ಹೇಗಿದೆ ಅನ್ನೋದು ತೆಗೆದ ಮೇಲೇನೇ ಪೂರ್ತಿ ಗೊತ್ತಾಗೋದು." ಅವನ ಎಡಗಣ್ಣನ್ನು ಮುಚ್ಚಿಸಿ, ಎದ್ದು ಕೋಣೆಯ ಆ ತುದಿಗೆ ಹೋಗಿ ಕೈಯೆತ್ತಿದರು. "ನನ್ನ ಬೆರಳು ಎಷ್ಟು ಕಾಣುತ್ತೆ, ಹೇಳಿ?"

ಅವನು ಕತ್ತನ್ನು ಸ್ವಲ್ಪ ಓರೆ ಮಾಡಿದ, ರೋಪು ನೋಡುವಾಗ ಮಾಡುವ ಹಾಗೆಯೇ. ಬಹಳ ಹೊತ್ತು ನೋಡಿದ.

"ನಂಗೆ ಕಂಡಿದ್ದು ಎರಡು, ಮೇಡಂ," ಎಂದ. "ಎಷ್ಟಿದೆ ಅಂತ ಅವಳನ್ನ ಕೇಳಿ."

ಡಾಕ್ಟರಮ್ಮ ಅವಳ ಕಡೆ ತಿರುಗಿದರು. ಕಿಟಕಿಯ ಬೆಳಕಿನಲ್ಲಿ ಅವರ ಮೂರು ಬೆರಳು ಎತ್ತಿದಂತೆಯೇ ಇದ್ದವು.