ತವರಿನ ಸಹಿ

ನಮ್ಮ ಪಕ್ಷದ ಬೇಡಿಕೆ ಒಂದೇ. ತುಂಗಭದ್ರೆಯ ಎರಡೂ ದಂಡೆ ಸೇರಿ ಬೇರೆ ರಾಜ್ಯವಾಗಬೇಕು. ಲೋಕಸಭೆ ಚುನಾವಣೆಗೆ ಈ ದಂಡೆಯ ಬಳ್ಳಾರಿ ಕ್ಷೇತ್ರದಿಂದ ಕಮಲಾಪುರದ ವಿರುಪಮ್ಮ, ಆ ದಂಡೆಯ ಕೊಪ್ಪಳದಿಂದ ಅವಳ ಅಣ್ಣ, ಆನೆಗೊಂದಿಯ ಹೊನ್ನೂರಸ್ವಾಮಿ. ಬೇರೆ ಯಾರೂ ಸಿಗಲಿಲ್ಲ.

ವಿರುಪಮ್ಮ ಮದುವೆಯಾಗಿ ಹರಿಗೋಲಿನಲ್ಲಿ ಈಚೆ ದಂಡೆಗೆ ಬಂದದ್ದನ್ನು ನಾನು ಕಂಡಿದ್ದೇನೆ. ಅಂದಿನಿಂದ ಅವಳ ಮನೆಯ ಒಳ್ಳೆಯ ಕೆಲಸಕ್ಕೆಲ್ಲ ತವರಿನ ಕೈ ಮೊದಲು ಬೀಳಬೇಕು. ಬಾಳೆ ನಾಟಿಗೂ ಅಣ್ಣ, ಬೋರ್‌ವೆಲ್ ಪೂಜೆಗೂ ಅಣ್ಣ. ನಾಮಪತ್ರಕ್ಕೆ ಹತ್ತು ಸೂಚಕರ ಸಹಿ ಬೇಕೆಂದಾಗ ಮೊದಲನೆಯದು ಅಣ್ಣನದೇ ಆಯಿತು.

ಕೊನೆಯ ದಿನ ನಾಮಪತ್ರ ಕೊಡಲು ಬಳ್ಳಾರಿಯ ಡಿಸಿ ಕಚೇರಿಗೆ ಹೋದೆವು. ಹೊನ್ನೂರಸ್ವಾಮಿ ತಂಗಿಯ ಉಡಿ ತುಂಬಲೆಂದು ಅಕ್ಕಿ, ತೆಂಗಿನಕಾಯಿ, ಕುಬಸದ ಕಣ ತಂದಿದ್ದ. ಪೊಲೀಸರು ಕಾಯಿಯನ್ನು ಗೇಟಿನಲ್ಲೇ ಇಟ್ಟುಕೊಂಡರು.

ಅಧಿಕಾರಿ ಓದಿ ನೋಡಿ, "ಮೊದಲನೇ ಸೂಚಕರ ಓಟು ಕೊಪ್ಪಳದಲ್ಲಿದೆ. ಹತ್ತೂ ಜನ ಇದೇ ಕ್ಷೇತ್ರದವರಿರಬೇಕು," ಎಂದರು.

"ಹೊಳಿ ದಾಟಿದ್ರ ಅಣ್ಣ ಅಣ್ಣ ಅಲ್ಲೇನ್ರಿ?" ಎಂದಳು ವಿರುಪಮ್ಮ.

"ಅಣ್ಣ ಹೌದಮ್ಮ. ಸೂಚಕ ಅಲ್ಲ. ಮೂರು ಗಂಟೆಯೊಳಗೆ ಬೇರೆಯವರ ಸಹಿ ಹಾಕಿಸಿ."

ನಮ್ಮ ಅಧ್ಯಕ್ಷ ಹಂಪೇಶ್ ಗಡಿಯಾರ ನೋಡಿದ. "ಅಕ್ಕಾ, ಅಣ್ಣನ ಹೆಸರು ಹೊಡದು ಎರ್ರಿಯಪ್ಪಜ್ಜಂದು ಹಾಕ್ಸೂಣು. ಅಜ್ಜಾ, ಜಲ್ದಿ."

ನಾನು ಪೆನ್ನು ಹಿಡಿದೆ. ಹೆಸರು ಬರೆಯಲು ನನಗೆ ಬರುತ್ತದೆ, ತಡವಾಗುತ್ತದೆ ಅಷ್ಟೆ.

ಆಗ ಹೊನ್ನೂರಸ್ವಾಮಿ ಮೆಲ್ಲಗೆ, "ತಂಗೀ, ನಿನ್ನಿ ಕೊಪ್ಪಳದಾಗ ನಾ ಕೊಟ್ಟ ನಾಮಪತ್ರಕ್ಕ ಮೊದಲ್ನೇ ಸಹಿ ನಿಂದ ಐತಲ್ಲ," ಎಂದ.

ಕೊಪ್ಪಳದಲ್ಲಿ ಅದನ್ನು ಯಾರೂ ಪ್ರಶ್ನಿಸಿರಲಿಲ್ಲ. ನಾಳೆ ಪರಿಶೀಲನೆಯಲ್ಲಿ ಕೇಳುತ್ತಾರೆ. ಇನ್ನು ಕೊಪ್ಪಳ ಮುಟ್ಟುವಷ್ಟು ಹೊತ್ತಿರಲಿಲ್ಲ.

"ಆತಂದು ಹೋತು. ಅಕ್ಕಾ, ನಿಂದರ ಉಳೀಲಿ," ಎಂದ ಹಂಪೇಶ್.

ವಿರುಪಮ್ಮ ನನ್ನ ಕೈಯಿಂದ ಪೆನ್ನು ತೆಗೆದುಕೊಂಡು ಅಧಿಕಾರಿಯ ಮೇಜಿನ ಮೇಲಿಟ್ಟಳು.

"ಅಣ್ಣನ ಹೆಸರು ಹೊಡದು, ಎರಡೂ ದಂಡಿ ಒಂದ ಅಂತ ಯಾವ ಬಾಯಿಲೆ ಓಟು ಕೇಳ್ಲಿ? ಬ್ಯಾಡ. ನಮ್ಮ ರಾಜ್ಯ ಆಗ್ಲಿ. ಅವಾಗ ಅಣ್ಣನ ಸಹಿ ನಡೀತೈತಿ. ಅವಾಗ ನಿಲ್ತೀನಿ."

"ನೀ ನಿಲ್ಲದಿದ್ರ ರಾಜ್ಯ ಹೆಂಗ ಆಗತೈತಕ್ಕಾ?"

"ಅದನ್ನ ನೀ ನೋಡಪ. ಅಧ್ಯಕ್ಷ ನೀನ ಅಲ್ಲೇನು?"

ಅಧಿಕಾರಿ ಮುಂದಿನವರನ್ನು ಕರೆದರು.

ಗೇಟಿನಲ್ಲಿ ಕಾಯಿ ವಾಪಸು ಕೊಟ್ಟರು. ಬಸ್ಸಿನಲ್ಲಿ ಉಕ್ಕಿನ ಕಾರ್ಖಾನೆಯ ಶಿಫ್ಟಿಗೆ ಹೋಗುವವರೇ ತುಂಬಿದ್ದರು. ಅವರು ತೋರಣಗಲ್ಲಿನಲ್ಲಿ ಇಳಿದ ಮೇಲೆ ನಮಗೆ ಸೀಟು ಸಿಕ್ಕಿತು. ಹೊನ್ನೂರಸ್ವಾಮಿ ಅಲ್ಲೇ ಅಕ್ಕಿ, ಕಾಯಿ, ಕಣ ಎಲ್ಲ ತಂಗಿಯ ಉಡಿಗೆ ಹಾಕಿದ. ತಂದದ್ದನ್ನು ವಾಪಸು ಒಯ್ಯುವ ಪದ್ಧತಿ ಅವರಲ್ಲಿಲ್ಲ.