ಕುಸುಬಿ ಹೂವಿನ ರವಿವಾರ

ಗೌರಕ್ಕ ಗೋಡೆಗೆ ಹೊಡೆದಿದ್ದ ಎರಡನೆಯ ಮೊಳೆಯನ್ನೂ ಕಿತ್ತು ಸೆರಗಿನ ತುದಿಗೆ ಕಟ್ಟಿಕೊಂಡಳು. ಮೂರನೆಯದನ್ನು ಹೊಡೆಯಲು ಏಣಿ ಹತ್ತಿದ್ದ ಪರಸಪ್ಪ ಸುತ್ತಿಗೆ ಎತ್ತಿದವನು ಹಾಗೆಯೇ ನಿಂತುಬಿಟ್ಟ.

"ಇಳಿ ಕೆಳಗ," ಅಂದಳು ಗೌರಕ್ಕ.

"ನನ್ನ ಮ್ಯಾಲ ಯಾಕ ಸಿಟ್ಟ ಆಯಿ? ಕಾಶಿನಾಥಣ್ಣ ಹೇಳ್ಯಾನ. ಮೂಡಲಗಿಯಿಂದ ಫ್ಲೆಕ್ಸ್ ಬರಾಕತ್ತೈತಿ. ಇಪ್ಪತ್ತ ಫೂಟಿಂದು."

"ಬರಲಿ. ಬಂದ ದಾರೀಲೆ ಹೊಳ್ಳಿ ಹೋಗತೈತಿ."

ಕಲ್ಲೋಳಿಯ ಬಸ್ ನಿಲ್ದಾಣದ ಎದುರಿಗಿರುವ ಸೊಸೈಟಿ ಗೋದಾಮಿನ ಗೋಡೆ ಅದು. ಅರವತ್ತು ಅಡಿ ಉದ್ದ. ನಿನ್ನೆ ಶನಿವಾರ ಗೌರಕ್ಕನ ಬಾಜೂ ಮನೆಯ ಯಮನವ್ವ ಎದುರಿಗೆ ಸ್ಟೂಲು ಹಾಕಿಕೊಂಡು ಕೂತು, ಅಲ್ಲಿ ಬಿಟ್ಟೀರಿ, ಇಲ್ಲಿ ತೆಳ್ಳಗಾತು ಎಂದು ಗದರುತ್ತ ಅದಕ್ಕೆ ಸುಣ್ಣ ಬಳಿಸಿದ್ದಳು. ಸಂಜೆ ಮನೆಗೆ ಹೋಗಿ ಅರ್ಧ ರೊಟ್ಟಿ ತಿಂದು ಮಲಗಿದವಳು ಬೆಳಿಗ್ಗೆ ಏಳಲಿಲ್ಲ. ಎಪ್ಪತ್ತಾರು ವರ್ಷ. ಈಗ ಓಣಿಯೊಳಗಿನ ಮನೆಯ ಪಡಸಾಲೆಯಲ್ಲಿ ಲಿಂಗವಂತರ ಪದ್ಧತಿಯಂತೆ ಹಣೆಗೆ ವಿಭೂತಿ ಬಳಿಸಿಕೊಂಡು ಗೋಡೆಗೆ ಒರಗಿ ಕೂತಿದ್ದಾಳೆ. ಭಜನೆಯವರ ತಾಳ ಇಲ್ಲಿಯವರೆಗೂ ಕೇಳುತ್ತಿದೆ.

ಗೋಡೆಯ ಮುಂದೆ ನೂರಕ್ಕೆ ಹತ್ತಿರ ಜನ. ಸಾವಿಗೆ ಬಂದವರಲ್ಲ ಇವರು, ಹೂವಿಗೆ ಬಂದವರು. ಗೋಕಾಕದಿಂದ ಮರದ ಗೊಂಬೆಗಳಿಗೆ ಬಣ್ಣ ಹಚ್ಚುವ ಹೆಣ್ಣುಮಕ್ಕಳು, ಮಮದಾಪುರದಿಂದ ಟೆಂಪೋ ಮಾಡಿಕೊಂಡು ಬಂದ ರೈತರು, ಹುಕ್ಕೇರಿ ಕಡೆಯ ಕಣಗಲಾದಿಂದ ಮುಂಜಾನೆಯ ಬಸ್ಸು ಹಿಡಿದು ಬಂದ ನಾಲ್ಕಾರು ಮಂದಿ. ವರ್ಷಕ್ಕೆ ನಾಲ್ಕು ರವಿವಾರ ಅವರೆಲ್ಲ ಹೀಗೆ ಬರುತ್ತಾರೆ. ಮಳೆಗಾಲದ ಕೊನೆಗೆ ಅರಿಷಿಣದ ಹೂ, ದೀಪಾವಳಿಯ ಮುಂದೆ ಗುರೆಳ್ಳಿನ ಹೂ, ಚಳಿ ಇಳಿಯುವಾಗ ಕುಸುಬಿ, ಯುಗಾದಿಗೆ ಬೇವು. ಹೊಲದಲ್ಲಿ ಆಗ ಯಾವುದು ನಿಂತಿರುತ್ತದೋ ಅದೊಂದೇ ಹೂ ಗೋಡೆಯ ತುಂಬ. ನಡುವಿನ ಮೊದಲ ಹೂವನ್ನು ಯಮನವ್ವ ಬರೆಯುತ್ತಿದ್ದಳು. ಆಮೇಲೆ ಊರೆಲ್ಲ ಬರೆಯುತ್ತಿತ್ತು. ಮುಂದಿನ ಹೂವಿನ ಹೊತ್ತಿಗೆ ಮತ್ತೆ ಸುಣ್ಣ.

ಇವತ್ತು ಬಂದವರಿಗೆ ಬಸ್ಸಿಳಿದ ಮೇಲೆಯೇ ಸುದ್ದಿ ಗೊತ್ತಾಗಿದ್ದು. ಬಣ್ಣದ ಡಬ್ಬಿಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ, ಹಿಡಿದ ಕುಂಚವನ್ನು ಬೆನ್ನ ಹಿಂದೆ ಮುಚ್ಚಿಕೊಂಡು ನಿಂತಿದ್ದರು.

ಅಷ್ಟರಲ್ಲಿ ಯಮನವ್ವನ ಮಗ ಕಾಶಿನಾಥ ಬಂದ. ಐವತ್ತು ದಾಟಿದವನು, ಬಸ್ ನಿಲ್ದಾಣದ ಬಾಜೂಕ್ಕೆ ಕಿರಾಣಿ ಅಂಗಡಿ ಇಟ್ಟವನು. ಅತ್ತು ಕಣ್ಣು ಕೆಂಪಗಾಗಿದ್ದವು.

"ಚಿಗವ್ವ, ಮೊಳಿ ಕೊಡು."

"ಕೊಡೂದಿಲ್ಲ. ನಿಮ್ಮವ್ವ ಈ ಗ್ವಾಡಿ ಮುಂದ ಹಾದ ಹೋಗಬೇಕು. ಬಿಳೇ ಗ್ವಾಡಿ ತೋರಿಸಿ ಕಳಸತೀಯೇನ ಆಕಿನ್ನ?"

"ಅದಕ್ಕ ಫ್ಲೆಕ್ಸ್ ಮಾಡಿಸೇನಿ."

"ಫ್ಲೆಕ್ಸಿನ್ಯಾಗ ಊರ ಮುಖಂಡರ ಮಾರಿ ಎಷ್ಟ ಅದಾವ?"

"ಹದಿನಾಕ," ಅಂದ ಪರಸಪ್ಪ ಏಣಿಯ ಮೇಲಿಂದ. ಯಾರೋ ನಗು ತಡೆದು ಕೆಮ್ಮಿದರು.

ಕಾಶಿನಾಥ ದನಿ ತಗ್ಗಿಸಿದ. "ತಾಯಿ ಸತ್ತ ದಿನ ಬಣ್ಣ ಆಡಿದ್ರು ಅಂತಾರ ಚಿಗವ್ವ. ಅದೂ ಇರ್ಲಿ. ನಲವತ್ತ ವರ್ಷ ಬರದಾಳ ಆಕಿ. ಒಂದರೆ ಉಳದೈತೇನ? ಎಲ್ಲಾ ಸುಣ್ಣದ ಕೆಳಗ. ಫ್ಲೆಕ್ಸಿನ್ಯಾಗರೆ ಅವ್ವನ ಮಾರಿ ಇರತೈತಿ. ನಾಕ ದಿನ ಊರ ನೋಡತೈತಿ."

ಗೌರಕ್ಕ ಮೊಳೆ ಕಟ್ಟಿದ ಸೆರಗಿನ ಗಂಟನ್ನು ಇನ್ನಷ್ಟು ಬಿಗಿದಳು. ಸುಣ್ಣದ ಮಾತು ಬಂದರೆ ಅವಳಿಗೆ ಹಳೆಯದೊಂದು ನೆನಪಾಗುತ್ತಿತ್ತು. ಅದು ಇವತ್ತಿನ ಸಂಗತಿಯಲ್ಲ.

* * *

ನಲವತ್ತು ವರ್ಷದ ಹಿಂದಿನ ಮಾತು, ಆಗ ಯಮನವ್ವ ಸುಣ್ಣ ಬಳಿಯುವ ಕೂಲಿಯವಳು. ಗಂಡ ಸತ್ತಿದ್ದ, ಕಾಶಿನಾಥ ಸಾಲಿಗೆ ಹೋಗುತ್ತಿದ್ದ. ಹಬ್ಬ, ಮದುವೆ ಎಂದರೆ ಅವಳಿಗೆ ಕೆಲಸ. ಬಾಜೂ ಮನೆಯ ಗೌರಕ್ಕನ ನಾದಿನಿಯನ್ನು ನೋಡಲು ಸಂಕೇಶ್ವರದಿಂದ ಬೀಗರು ಬರುವವರಿದ್ದರು. ಅಂಗಳದ ಗೋಡೆಗೆ ಸುಣ್ಣ ಹಚ್ಚಲು ಯಮನವ್ವನನ್ನು ಕರೆದರು.

ಸಂಜೆ ಗೌರಕ್ಕ ಹೊರಗೆ ಬಂದು ನೋಡಿದರೆ ಬಿಳಿ ಗೋಡೆಯ ನಡುವೆ ನೀಲಿ ಹೂಗಳು ಎದ್ದಿದ್ದವು. ಅರಿವೆಗೆ ಹಾಕುವ ನೀಲಿಯನ್ನು ಕಲಸಿ, ಬೇವಿನ ಕಡ್ಡಿಯನ್ನು ಜಗಿದು ಕುಂಚ ಮಾಡಿಕೊಂಡು, ಯಮನವ್ವ ಒಂದು ಮೊಳದಷ್ಟು ಅಗಸಿ ಹೊಲ ಬರೆದುಬಿಟ್ಟಿದ್ದಳು. ಗಾಳಿ ಬಂದರೆ ಹೊರಳುವ ಹಾಗಿತ್ತು.

"ಇದನ್ನ ಯಾರ ಹೇಳಿದ್ರ ನಿನಗ?"

"ಯಾರೂ ಹೇಳಿಲ್ಲ ಗೌರಾ. ಬರುವಾಗ ಹೊಲದಾಗ ನೋಡಿದ್ನಿ. ಕೈ ತಡೀಲಿಲ್ಲ."

ಬೀಗರು ನೋಡಿ ನಕ್ಕಾರು, ಕೂಲಿಯವಳ ಕೈಯಲ್ಲಿ ಚಿತ್ರ ಬರೆಸಿದರು ಅಂದಾರು ಎಂದುಕೊಂಡಳು ಗೌರಕ್ಕ. ಯಮನವ್ವ ಅತ್ತ ಹೋಗುತ್ತಲೇ ಉಳಿದ ಸುಣ್ಣದ ಬಕೆಟ್ಟು ಎಳೆದುಕೊಂಡು, ತಾನೇ ಎರಡು ಕೈ ಹಚ್ಚಿ ಹೂಗಳನ್ನೆಲ್ಲ ಮುಚ್ಚಿದಳು.

ಮರುದಿನ ಮುಂಜಾನೆ ಯಮನವ್ವ ಬಂದಳು. ಗೋಡೆ ನೋಡಿದಳು. ಅಂಗೈಯಿಂದ ಸವರಿದಳು. ಜಗಳಕ್ಕೆ ಸೆರಗು ಸಿಗಿಸಿಕೊಂಡು ನಿಂತಿದ್ದ ಗೌರಕ್ಕನ ಕಡೆ ತಿರುಗಿ, "ಎರಡ ಕೈ ಹಚ್ಚೀಯಲ್ಲ? ಚಲೋ ಮಾಡಿದಿ. ಅಗಸಿ ಹೂ ಇನ್ನ ಉದರತಾವ. ಮುಂದ ಯಾವ ಗ್ವಾಡಿ ಮ್ಯಾಲ ಬರೀಲಿ ಅಂತ ರಾತ್ರೆಲ್ಲ ಚಿಂತಿ ಆಗಿತ್ತ," ಅಂದಳು.

ಅದು ಚುಚ್ಚು ಮಾತೆಂದೇ ಗೌರಕ್ಕ ತಿಳಿದಳು. ಅಂದಿನಿಂದ ಯಮನವ್ವ ಊರ ಮುಂದೆ ಹೂವಿನ ಹಿಂದೆ ಹೂ ಬರೆದಳು, ಪ್ರತಿ ಸಲ ತಾನೇ ಸುಣ್ಣ ಹಚ್ಚಿ ಅಳಿಸಿದಳು. ಪ್ರತಿ ಸಲ ಆ ಸುಣ್ಣ ತನ್ನ ಮುಖಕ್ಕೇ ಹಚ್ಚಿದಂತೆ ಗೌರಕ್ಕನಿಗೆ ಅನ್ನಿಸುತ್ತಿತ್ತು. ಮನೆಗಳ ನಡುವೆ ಸಾರು, ಪಲ್ಯ ಓಡಾಡಿದವು, ಬಾಣಂತನ, ಬ್ಯಾನಿ ಎಲ್ಲ ಕೂಡಿಯೇ ಕಳೆದವು. ಆದರೆ ಹೂವಿನ ರವಿವಾರ ಮಾತ್ರ ಗೌರಕ್ಕ ಮನೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. "ನನಗ ಬರೂದಿಲ್ಲ" ಅನ್ನುವುದೊಂದೇ ಮಾತು, ನಲವತ್ತು ವರ್ಷ.

* * *

ಮಠದ ಅಯ್ಯಗಳು ಸಮಾಧಿಯ ಕುಣಿ ನೋಡಿಕೊಂಡು ಬರುವವರು ಗೋಡೆಯ ಹತ್ತಿರ ಗಾಡಿ ನಿಲ್ಲಿಸಿದರು. ಇಬ್ಬರ ಮಾತನ್ನೂ ಕೇಳಿದರು.

"ಲಿಂಗವಂತರ ಮನ್ಯಾಗ ಸೂತಕ ಎಲ್ಲಿಂದ ಬಂತೋ ಕಾಶಿನಾಥ?" ಅಂದರು. "ಬಣ್ಣ ಮುಟ್ಟಬಾರದು ಅಂತ ಯಾರೂ ಹೇಳಿಲ್ಲ. ಆದ್ರ ಮೂರೂವರಿಗೆ ಎತ್ತೂದ. ನಿಮ್ಮ ಹೂವಿಗಾಗಿ ನಾ ಕಾಯೂದಿಲ್ಲ. ಅಷ್ಟೊತ್ತಿಗೆ ಗ್ವಾಡಿ ತುಂಬಿದ್ರ ಹೂ, ಇಲ್ಲಂದ್ರ ಫ್ಲೆಕ್ಸ್. ಮುಗೀತ."

ಕಾಶಿನಾಥ ಮನೆಯ ಕಡೆ ಹೋದ. ಆಗ ಹನ್ನೊಂದೂವರೆ.

ಜನ ಡಬ್ಬಿಗಳ ಮುಚ್ಚಳ ತೆಗೆದರು. ಕುಂಚ ಅದ್ದಿದರು. ಅದ್ದಿದ ಕುಂಚ ಹಿಡಿದು ಎಲ್ಲರೂ ಗೋಡೆಯ ನಡುವಿನ ಜಾಗವನ್ನೇ ನೋಡುತ್ತ ನಿಂತರು. ಮೊದಲ ಹೂ ಯಾರು ಬರೆಯಬೇಕು? ಗೋಕಾಕದ ಹೆಣ್ಣುಮಕ್ಕಳ ಕೈ ಪಳಗಿದ ಕೈ, ಅವರೂ ಒಲ್ಲೆ ಅಂದರು. ಅಂಗನವಾಡಿ ಟೀಚರ್ ಶೋಭಾ ಹತ್ತು ವರ್ಷ ಯಮನವ್ವನ ಬಾಜೂ ನಿಂತು ಕಲಿತವಳು, ಅವಳೂ ತಲೆ ಅಲ್ಲಾಡಿಸಿದಳು.

ಗೌರಕ್ಕ ಅವಳ ಕೈಯಿಂದ ಕುಂಚ ಕಸಿದುಕೊಂಡಳು.

"ಆಯಿ, ನಿಂದ್ರ," ಅಂದಳು ಶೋಭಾ. "ಹೊಲಕ್ಕ ಹೋಗಿ ನೋಡಿ ಬಂದೀ ಏನ? ನೋಡದವರು ಬರೀಬಾರದು ಅಂತ ಯಮನವ್ವಾಯಿದು ಕರಾರೈತಿ."

"ಎಪ್ಪತ್ತ ವರ್ಷ ಕುಸುಬಿ ಎಣ್ಣಿ ಉಂಡೇನಿ ನಾ."

"ಎಣ್ಣಿ ಅಲ್ಲ, ಹೂ. ಈ ವರ್ಷದ್ದು."

ಗೌರಕ್ಕ ಕುಂಚವನ್ನು ಅವಳ ಕೈಗೆ ತಿರುಗಿ ಕೊಟ್ಟಳು. "ತೆಗಿ ಗಾಡಿ," ಅಂದಳು.

* * *

ಬಾಜೂ ಮನೆಯಲ್ಲಿ ಹೆಣ ಇಟ್ಟುಕೊಂಡು ಸ್ಕೂಟಿಯ ಹಿಂದೆ ಕೂತು ಹೊಲಕ್ಕೆ ಹೊರಟ ಮುದುಕಿಯನ್ನು ಊರು ಕಣ್ಣರಳಿಸಿ ನೋಡಿತು. ಚಹಾದ ಅಂಗಡಿಯ ಮುಂದಿದ್ದ ಲಗಮಣ್ಣ, "ಎಲ್ಲಿಗೆ ಆಯಿ ಸವಾರಿ?" ಅಂದ. "ನಿನಗೊಂದ ಹೆಣ್ಣ ನೋಡಾಕ," ಅಂದಳು ಗೌರಕ್ಕ. ಶೋಭಾ ನಗುವುದೋ ಬಿಡುವುದೋ ತಿಳಿಯದೆ ಗಾಡಿ ಓಡಿಸಿದಳು.

ಬಿಳಿಜೋಳದ ಹೊಲ. ದನ ನುಗ್ಗದಿರಲಿ ಎಂದು ಸುತ್ತಲೂ ನಾಲ್ಕು ಸಾಲು ಕುಸುಬಿ. ಗೌರಕ್ಕ ಒಡ್ಡಿನ ಮೇಲೆ ಕುಕ್ಕರುಗಾಲಲ್ಲಿ ಕೂತಳು. ಹುಟ್ಟಿದಾಗಿನಿಂದ ನೋಡಿದ ಗಿಡ, ಇಷ್ಟು ಹತ್ತಿರ ಕೂತು ನೋಡಿರಲಿಲ್ಲ. ಹೂವಿಗೆ ದಳವೆಂಬುದೇ ಇಲ್ಲ, ಮುಳ್ಳಿನ ಬುಟ್ಟಿಯೊಳಗಿಂದ ಎಳೆ ಎಳೆಯಾಗಿ ಉಕ್ಕಿದ ಬೆಂಕಿ ಅದು. ಇಂದು ಅರಳಿದ್ದು ಹಳದಿ. ಮೊನ್ನೆಯದು ಕೇಸರಿ. ಬಾಡತೊಡಗಿದ್ದು ಕಡುಗೆಂಪು.

"ಮುಪ್ಪಾದಂಗ ಬಣ್ಣ ಏರತೈತಲ್ಲ ಇದು," ಅಂದಳು.

"ಯಮನವ್ವಾಯಿನೂ ಹಿಂಗ ಅಂತಿದ್ಲು. ಎಲ್ಲಾರೂ ಬರೇ ಹಳದಿ ಬರೀಬ್ಯಾಡ್ರಿ, ಮುದುಕ ಹೂ ಬರೀರಿ, ಅವಕ್ಕ ಚೆಲುವು ಜಾಸ್ತಿ ಅಂತ." ಶೋಭಾ ಅವಳ ಬಾಜೂ ಕೂತಳು. "ನೀ ಒಂದ ಸಲಾನೂ ಬರಲಿಲ್ಲ ಆಯಿ. ಬಂದಿದ್ರ ಕೇಳತಿದ್ದಿ. ಪ್ರತಿ ಸಲ ಬರಿಯಾಕ ಸುರು ಮಾಡೂ ಮೊದಲ ಆಕಿ ಒಂದ ಮಾತ ಹೇಳತಿದ್ಲು."

"ಏನಂತ? ಗೌರಾ ನನ್ನ ಹೂ ಅಳಿಸಿದ್ಲ ಅಂತನ?"

"ಅಲ್ಲ. ಆಕಿ ಅಂತಿದ್ಲು, ನಾ ಮೊದಲನೇ ಹೂವಿಗೆ ಜೋತ ಬೀಳಾಕಿ ಇದ್ನಿ, ಸಾಯೂತನಕ ಅದನ್ನ ತೋರಿಸ್ಕೋತ ಕೂಡತಿದ್ನಿ. ಗೌರಾ ಗ್ವಾಡಿ ಬಿಳೇದ ಮಾಡಿಕೊಟ್ಲು, ಅದಕ್ಕ ಇಷ್ಟ ಹೂ ಆದವು. ಬಿಳೇ ಗ್ವಾಡಿ ಗೌರಾಂದು, ಹೂ ನಿಮ್ಮವು. ಹಂಗ ಅಂದ ಕುಂಚ ಎತ್ತತಿದ್ಲು."

ಗೌರಕ್ಕ ಗಿಡದತ್ತ ಬಾಗಿದಳು. ಒಂದು ಕೆಂಪು ಹೂವನ್ನು ಹಿಡಿದಳು. ಮುಳ್ಳು ಹೆಬ್ಬೆರಳಿಗೆ ನಾಟಿತು, ಬಿಡಲಿಲ್ಲ. ತಿರುವಿ ಕಿತ್ತುಕೊಂಡು ಎದ್ದಳು. ಅಷ್ಟು ಹೊತ್ತು ಬಾರದ ಅಳು ಆಗ ಬಂತು. ನಿಂತುಕೊಂಡೇ ಅತ್ತಳು, ಸೆರಗಿನಿಂದ ಮುಖ ಒರೆಸಿಕೊಂಡಳು.

"ನಡಿ ನಡಿ," ಅಂದಳು. "ಹನ್ನೆರಡ ಹೊಡದಿರಬೇಕ."

* * *

ಅವಳ ಮೊದಲ ಹೂ ಹೂವಿನ ಹಾಗೆ ಕಾಣಲೇ ಇಲ್ಲ.

"ಇದು ಕುಸುಬಿ ಏನ ಆಯಿ, ಬದನಿಕಾಯಿ?" ಅಂದ ಮಮದಾಪುರದ ಮಾಯಪ್ಪ.

"ನಿನಗ ನೋಡಿದ್ದೆಲ್ಲಾ ಉಣ್ಣೂದ ಕಾಣತೈತಿ. ನಿಂದ ಬರಿ, ನೋಡೂಣು."

ಜನ ನಕ್ಕರು. ಆ ನಗುವಿನೊಡನೆ ಹಿಡಿದಿದ್ದ ಕೈಗಳೆಲ್ಲ ಬಿಟ್ಟುಕೊಂಡವು. ಒಮ್ಮೆಗೇ ಹತ್ತು ಕುಂಚ, ಇಪ್ಪತ್ತು ಕುಂಚ ಗೋಡೆಗೆ ಬಿದ್ದವು. ಗೋಕಾಕದ ಹೆಣ್ಣುಮಕ್ಕಳು ಮುಳ್ಳುಗಳನ್ನು ಒಂದೊಂದಾಗಿ ಎಳೆದರು. ಕಣಗಲಾದವರು ಏಣಿ ಹತ್ತಿ ಮೇಲಂಚಿಗೆ ಹೋದರು. ಕುಂಚ ಸಾಲದವರು ಬೆರಳನ್ನೇ ಅದ್ದಿದರು. ಸಾವಿಗೆಂದು ಬಂದ ನೆಂಟರು ದೂರ ನಿಂತು ನೋಡಿದರು, ಹತ್ತಿರ ಬಂದರು, ಚಪ್ಪಲಿ ಬಿಟ್ಟು ತೋಳೇರಿಸಿದರು. ಅವರನ್ನೂ ಶೋಭಾ ಬಿಡಲಿಲ್ಲ. ಗೌರಕ್ಕ ಒಡ್ಡಿನಿಂದ ತಂದ ಹೂವನ್ನು ಒಬ್ಬೊಬ್ಬರ ಕೈಗೂ ಕೊಟ್ಟು, "ಹೊಲಕ್ಕ ಹೋಗಾಕ ವ್ಯಾಳ್ಯಾ ಇಲ್ಲ, ಇದನ್ನರೆ ನೋಡ್ರಿ ಮೊದಲ," ಅಂದಳು. ಗೌರಕ್ಕ ಎರಡನೆಯ ಹೂ ಬರೆದಳು, ಮೂರನೆಯದು ಬರೆದಳು. ನಾಲ್ಕನೆಯದನ್ನು ನೋಡಿ ಮಾಯಪ್ಪ ಏನೂ ಅನ್ನಲಿಲ್ಲ.

ಎರಡು ಗಂಟೆಗೆ ಬಿಸಿಲು ನೇರ ಗೋಡೆಗೆ ಹೊಡೆಯಿತು. ಅದ್ದಿದ ಬಣ್ಣ ಕುಂಚದಲ್ಲೇ ಒಣಗಿ ಹೆಪ್ಪುಗಟ್ಟತೊಡಗಿತು. ಮುದುಕಿಯರು ತಲೆ ತಿರುಗಿ ಕೂತರು. ಇನ್ನೂ ಹದಿನೈದು ಅಡಿ ಬಿಳಿ ಉಳಿದಿತ್ತು. ಅದೇ ಹೊತ್ತಿಗೆ ಮೂಡಲಗಿಯ ಗಾಡಿ ಬಂತು, ಸುರುಳಿ ಸುತ್ತಿದ ಫ್ಲೆಕ್ಸ್ ಇಳಿಯಿತು. ಕಾಶಿನಾಥನೂ ಬಂದ.

ಎಲ್ಲರ ಕೈ ನಿಂತವು. ಗೌರಕ್ಕ ಬಿಳಿ ಉಳಿದ ಜಾಗಕ್ಕೆ ಬೆನ್ನು ಕೊಟ್ಟು ನಿಂತಳು.

ಕಾಶಿನಾಥ ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದ. ನಡುವಿನ ಬದನೆಕಾಯಿಯಂಥ ಹೂವಿನ ಹತ್ತಿರ ಬಂದು ನಿಂತ.

"ಇದನ್ನ ಯಾರ ಬರದಾರ?"

"ನಾನ."

ನಲವತ್ತು ವರ್ಷ ಬಾರದಿದ್ದ ಚಿಗವ್ವನ ಬಣ್ಣದ ಕೈಯನ್ನು ಅವನು ನೋಡಿದ. ಆಮೇಲೆ ಪರಸಪ್ಪನ ಕಡೆ ತಿರುಗಿ, "ಫ್ಲೆಕ್ಸ್ ಬಿಚ್ಚು," ಅಂದ. "ಗೋದಾಮಿನ ತಗಡ ಪತ್ರಾಸಿಗೆ ಆ ಕಡೆ ಎರಡ ಹಗ್ಗ, ಲೈಟಿನ ಕಂಬಕ್ಕ ಈ ಕಡೆ ಎರಡ. ನೆಳ್ಳ ಮಾಡು. ಬಿಸಲಾಗ ಸಾಯಾಕತ್ತಾರ ಮಂದಿ."

ಇಪ್ಪತ್ತು ಅಡಿಯ ಫ್ಲೆಕ್ಸ್ ಚಪ್ಪರವಾಗಿ ಹರಡಿತು. ಹದಿನಾಲ್ಕು ಮಂದಿ ಮುಖಂಡರೂ, ಅವರ ನಡುವೆ ದೊಡ್ಡ ಮುಖದ ಯಮನವ್ವನೂ, ಎಲ್ಲರೂ ಬರೆಯುವವರನ್ನು ಕೆಳಮುಖವಾಗಿ ನೋಡಿದರು. "ಈಗ ಕಣ್ಣ ತಪ್ಪಿಸಿ ಒಂದ ಕಡೆನೂ ಬಿಳೇದ ಬಿಡೂ ಹಂಗಿಲ್ಲ, ಮ್ಯಾಲ ಕುಂತಾಳ," ಅಂದ ಮಾಯಪ್ಪ. ಕಾಶಿನಾಥ ಒಂದು ಕುಂಚ ಕೇಳಿ ತೆಗೆದುಕೊಂಡ.

ಮೂರೂವರೆಗೆ ಐದು ನಿಮಿಷ ಇರುವಾಗ ಗೋಡೆ ತುಂಬಿತು.

* * *

ಹೆಗಲ ಮೇಲೆ ಹೊತ್ತ ವಿಮಾನದಲ್ಲಿ, ಹೂವಿನ ಮಂಟಪ ಕಟ್ಟಿದ ಚಟ್ಟದಲ್ಲಿ, ಕೂತು ಯಮನವ್ವ ಬಂದಳು. ಭಜನೆಯವರು ಗೋಡೆಯ ಮುಂದೆ ಬಂದು ತಾಳ ನಿಲ್ಲಿಸಲಿಲ್ಲ, ಜೋರು ಮಾಡಿದರು. ಹೊತ್ತವರು ಯಾರೂ ಹೇಳದೆಯೇ ವಿಮಾನವನ್ನು ಗೋಡೆಗೆ ಎದುರಾಗಿ ತಿರುಗಿಸಿದರು. ಅರವತ್ತು ಅಡಿ ಹಳದಿ, ಕೇಸರಿ, ಕೆಂಪು. ಗೋಕಾಕದ ಬಸ್ಸಿನ ಡ್ರೈವರ್ ಎಂಜಿನ್ನು ಬಂದ್ ಮಾಡಿದ. ಕಿಟಕಿಗಳಿಂದ ಜನ ಕೈಮುಗಿದರು. ಮೊಬೈಲು ಹಿಡಿದವರು ಹಿಡಿದರು. ಗೌರಕ್ಕ ವಿಮಾನದ ಬಾಜೂಕ್ಕೆ ನಿಂತು, "ನೋಡ ಯಮನಕ್ಕ," ಅಂದಳು, "ಹಾದಿ ಮುಂದ ಐತಿ, ಆದ್ರ ಸ್ವಲ್ಪ ನಿಂತ ನೋಡು."

ರುದ್ರಭೂಮಿಯಲ್ಲಿ ಯಮನವ್ವನನ್ನು ಕುಣಿಯೊಳಗೆ ಕೂಡಿಸಿದರು. ಸುತ್ತಲೂ ಇಡಲು ವಿಭೂತಿ ಗಟ್ಟಿಗಳನ್ನು ಜನ ಸಾಲಾಗಿ ನಿಂತು ಕೈಯಿಂದ ಕೈಗೆ ದಾಟಿಸಿದರು. ಮಮದಾಪುರದ ಕೈ, ಕಣಗಲಾದ ಕೈ, ಗೋಕಾಕದ ಕೈ, ಕಾಶಿನಾಥನ ಕೈ, ಗೌರಕ್ಕನ ಕೈ. ಕೈ ತೊಳೆಯಲು ಯಾರಿಗೂ ಹೊತ್ತು ಸಿಕ್ಕಿರಲಿಲ್ಲ. ಕುಣಿಯೊಳಗೆ ಇಳಿದಿದ್ದ ಅಯ್ಯಗಳ ಕೈಗೆ ಬರುವಷ್ಟರಲ್ಲಿ ಹಾಲಿನಂಥ ಬಿಳಿಯ ಮೊದಲ ಗಟ್ಟಿಯ ಮೇಲೆ ಹಳದಿ ಬೆರಳು, ಅದರ ಮೇಲೆ ಕೇಸರಿ ಬೆರಳು, ಅಂಚಿಗೆ ಒಂದು ಕೆಂಪು ಹೆಬ್ಬೆಟ್ಟು ಮೂಡಿದ್ದವು. ಅಯ್ಯಗಳು ಅದನ್ನು ತಿರುವಿ ತಿರುವಿ ನೋಡಿದರು. ಮೇಲೆ ಗಟ್ಟಿ ದಾಟಿಸುತ್ತಿದ್ದ ಕೈಗಳು ನಿಂತವು. ಅಯ್ಯಗಳು ಆ ಗಟ್ಟಿಯನ್ನು ಬದಿಗಿಡಲಿಲ್ಲ, ಯಮನವ್ವನ ಎದೆಗೆ ಒತ್ತಿಟ್ಟು, ಮುಂದಿನದಕ್ಕೆ ಕೈ ಚಾಚಿದರು.